ಐನ್‌ಸ್ಟೈನ್ ಸಹಿಯಲ್ಲಿ ಮುಗಿಯದ ಪಾಠ: ವಿಜ್ಞಾನ ಪಠ್ಯ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕನ್ನಡದಲ್ಲಿ ವಿಜ್ಞಾನ ಮತ್ತು ಇತಿಹಾಸದ ಪಠ್ಯ ಬರೆಯುವವರು, ಅದನ್ನು ಪರಿಷ್ಕರಿಸುವವರು, ಅದನ್ನು ಹಿಡಿದು ತರಗತಿಗೆ ಹೋಗುವ ಮೇಷ್ಟ್ರುಗಳು, ಮೇಡಂಗಳು, ಎಲ್ಲರಿಗೂ ಈ ಪತ್ರ.

ಬೈಜಿಕ ವಿದಳನದ, ಅಂದರೆ ಪರಮಾಣುವಿನ ನ್ಯೂಕ್ಲಿಯಸ್ ಒಡೆಯುವ ಕ್ರಿಯೆಯ ಪಾಠ ಬಂದಾಗ ಮಕ್ಕಳಿಗೆ ಸಾಮಾನ್ಯವಾಗಿ ಸಿಗುವುದು ನಾಲ್ಕು ಸಾಲಿನ ಕಥೆ. ಐನ್‌ಸ್ಟೈನ್ ಸಮೀಕರಣ ಕೊಟ್ಟರು, ಅಮೆರಿಕದ ಅಧ್ಯಕ್ಷ ರೂಸ್ವೆಲ್ಟ್‌ಗೆ ಕಾಗದ ಬರೆದರು, ಅಮೆರಿಕ ಬಾಂಬ್ ಮಾಡಿತು, ಹಿರೋಷಿಮಾ ಸುಟ್ಟುಹೋಯಿತು. ಇದರಲ್ಲಿ ಯಾವ ಸಾಲೂ ಸುಳ್ಳಲ್ಲ. ಆದರೆ ಬಾಂಬ್ ಹೇಗಾಯಿತು ಎಂಬುದು ಮಾತ್ರ ಇದರಲ್ಲಿಲ್ಲ. ಅದು ಆದದ್ದು ತಮ್ಮ ದೇಶದಿಂದ ಹೊರದಬ್ಬಿಸಿಕೊಂಡು ಬಂದವರು, ಬಂದ ದೇಶದಲ್ಲೂ ನಂಬಿಕೆಗೆ ಅರ್ಹರಲ್ಲ ಅನ್ನಿಸಿಕೊಂಡವರು ಹಾಕಿದ ಕೆಲವು ಲೆಕ್ಕಗಳಿಂದ. ಆ ಲೆಕ್ಕಗಳು ಪಿಯುಸಿ ವಿದ್ಯಾರ್ಥಿಯ ಕೈಗೆ ಎಟುಕುವಂಥವು. ಅವನ್ನು ಪಾಠಕ್ಕೆ ತನ್ನಿ ಎಂದು ಕೇಳುವುದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇವೆ.

ಮೊದಲು ಆ ಕಾಗದದ ಮಾತು. 1939ರ ಆಗಸ್ಟ್ 2ರ ದಿನಾಂಕವಿರುವ ಆ ಪತ್ರದ ಒಕ್ಕಣೆ ಬಹುಮಟ್ಟಿಗೆ ಲಿಯೋ ಸಿಲಾರ್ಡ್ ಅವರದು. ಹಂಗೆರಿಯಲ್ಲಿ ಹುಟ್ಟಿ ಬರ್ಲಿನ್‌ನಲ್ಲಿ ಓದಿದ ಸಿಲಾರ್ಡ್, ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲೇ ಜರ್ಮನಿ ಬಿಟ್ಟವರು. ಐನ್‌ಸ್ಟೈನ್ ಮನೆಗೆ ಅವರ ಜೊತೆ ಹೋದ ಯೂಜೀನ್ ವಿಗ್ನರ್, ಎಡ್ವರ್ಡ್ ಟೆಲ್ಲರ್ ಕೂಡ ಹಂಗೆರಿಯವರೇ. ಪತ್ರ ರೂಸ್ವೆಲ್ಟ್ ಕೈಗೆ ತಲುಪಿದ್ದು ಅಕ್ಟೋಬರ್ 11ರಂದು. ಅದರಿಂದ ಒಂದು ಸಮಿತಿ ಹುಟ್ಟಿತು, ಆ ಸಮಿತಿಯಿಂದ ಮೊದಲಿಗೆ ಬಂದ ಹಣ 6,000 ಡಾಲರ್. ಆಮೇಲೆ ಎರಡು ವರ್ಷ ಕೆಲಸ ಕುಂಟುತ್ತಲೇ ಇತ್ತು. ಐನ್‌ಸ್ಟೈನ್ ಅವರಿಗಂತೂ ರಹಸ್ಯ ಕೆಲಸಕ್ಕೆ ಅನುಮತಿಯನ್ನೇ ಕೊಡಲಾಗದು ಎಂದು ಅಮೆರಿಕದ ಸೇನೆ 1940ರ ಜುಲೈನಲ್ಲಿ ತೀರ್ಮಾನಿಸಿತು. ಬಾಂಬ್ ತಯಾರಿಕೆಯಲ್ಲಿ ಅವರ ಕೈ ಇರಲಿಲ್ಲ. ಶಕ್ತಿ ಮತ್ತು ದ್ರವ್ಯರಾಶಿಯ ಸಮೀಕರಣ ಒಂದು ವಿದಳನದಿಂದ ಎಷ್ಟು ಶಕ್ತಿ ಬರುತ್ತದೆ ಎಂದು ಹೇಳುತ್ತದೆ. ಎಷ್ಟು ಯುರೇನಿಯಂ ಬೇಕು, ಅದನ್ನು ಹೇಗೆ ಬೇರ್ಪಡಿಸಬೇಕು ಎಂಬುದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ನಿಜವಾದ ತಿರುವು ಬಂದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನಲ್ಲಿ, 1940ರ ಮಾರ್ಚ್‌ನಲ್ಲಿ. ಅಲ್ಲಿಗೆ ಬರಬೇಕಾದರೆ 1933ರಿಂದ ಹೊರಡಬೇಕು.

ಆ ವರ್ಷದ ಏಪ್ರಿಲ್ 7ರಂದು ಜರ್ಮನಿಯಲ್ಲಿ ಸರ್ಕಾರಿ ನೌಕರಿಯ ಹೊಸ ಕಾಯಿದೆ ಜಾರಿಯಾಯಿತು. ಅಲ್ಲಿನ ವಿಶ್ವವಿದ್ಯಾಲಯದ ಅಧ್ಯಾಪಕರು ಸರ್ಕಾರಿ ನೌಕರರು, ಹಾಗಾಗಿ ಯೆಹೂದಿ ಮೂಲದವರೆಲ್ಲ ಒಂದೇ ಏಟಿಗೆ ಕೆಲಸ ಕಳೆದುಕೊಳ್ಳತೊಡಗಿದರು. ಮೊದಲ ಮಹಾಯುದ್ಧದಲ್ಲಿ ರಣರಂಗದಲ್ಲಿದ್ದವರಿಗೆ ವಿನಾಯಿತಿ ಇತ್ತು. ಗಟ್ಟಿಂಗನ್‌ನ ಜೇಮ್ಸ್ ಫ್ರಾಂಕ್ ಅವರಿಗೆ ಆ ವಿನಾಯಿತಿ ಅನ್ವಯಿಸುತ್ತಿತ್ತು, ನೊಬೆಲ್ ಕೂಡ ಬಂದಿತ್ತು. ಆದರೂ ಅವರು ಬಹಿರಂಗವಾಗಿಯೇ ರಾಜೀನಾಮೆ ಕೊಟ್ಟರು. ಅದೇ ವರ್ಷದ ಮೇ ತಿಂಗಳಲ್ಲಿ ಲಂಡನ್‌ನಲ್ಲಿ ಅಕಾಡೆಮಿಕ್ ಅಸಿಸ್ಟೆನ್ಸ್ ಕೌನ್ಸಿಲ್ ಎಂಬ ಸಂಸ್ಥೆ ಶುರುವಾಯಿತು. ವಿಲಿಯಂ ಬೆವರಿಜ್ ಅದನ್ನು ಕಟ್ಟಿದರು, ರುದರ್‌ಫೋರ್ಡ್ ಅಧ್ಯಕ್ಷರಾದರು, ಹಿಂದೆ ನಿಂತು ಓಡಾಡಿದವರಲ್ಲಿ ಸಿಲಾರ್ಡ್ ಒಬ್ಬರು. ಕೆಲಸ ಕಳೆದುಕೊಂಡವರಿಗೆ ಒಂದೆರಡು ವರ್ಷದ ಮಟ್ಟಿಗೆ ಸಣ್ಣ ಧನಸಹಾಯ ಕೊಡಿಸಿ, ಯಾವುದಾದರೂ ಪ್ರಯೋಗಾಲಯದಲ್ಲಿ ಒಂದು ಮೇಜು ಹುಡುಕಿಕೊಡುವುದು ಅದರ ಕೆಲಸ. ಹ್ಯಾಂಬರ್ಗ್‌ನಲ್ಲಿ ಕೆಲಸ ಹೋಗಿದ್ದ ವಿಯೆನ್ನಾದ ಓಟ್ಟೋ ಫ್ರಿಶ್ ಈ ನೆರವಿನಿಂದಲೇ ಲಂಡನ್‌ಗೆ ಬಂದರು, ಮುಂದೆ ಐದು ವರ್ಷ ಕೋಪನ್‌ಹೇಗನ್‌ನಲ್ಲಿ ನೀಲ್ಸ್ ಬೋರ್ ಬಳಿ ಇದ್ದರು. ಬರ್ಲಿನ್‌ನಲ್ಲಿ ಹುಟ್ಟಿದ ರುಡಾಲ್ಫ್ ಪೈಯರ್ಲ್ಸ್ ಶಿಷ್ಯವೇತನದ ಮೇಲೆ ಕೇಂಬ್ರಿಜ್‌ನಲ್ಲಿದ್ದಾಗಲೇ ಹಿಂದಿರುಗುವ ದಾರಿ ಮುಚ್ಚಿತು. 1937ರಲ್ಲಿ ಅವರು ಬರ್ಮಿಂಗ್‌ಹ್ಯಾಂನಲ್ಲಿ ಪ್ರಾಧ್ಯಾಪಕರಾದರು.

1938ರ ಕ್ರಿಸ್‌ಮಸ್ ಹೊತ್ತಿಗೆ ಫ್ರಿಶ್ ಸ್ವೀಡನ್‌ನ ಕುಂಗೆಲ್ವ್ ಎಂಬ ಊರಿನಲ್ಲಿ ತಮ್ಮ ಚಿಕ್ಕಮ್ಮ ಲೀಸ್ ಮೈಟ್ನರ್ ಜೊತೆ ಇದ್ದರು. ಮೈಟ್ನರ್ ಅದೇ ಬೇಸಿಗೆಯಲ್ಲಿ ಬರ್ಲಿನ್‌ನಿಂದ ತಪ್ಪಿಸಿಕೊಂಡು ಬಂದಿದ್ದರು. ಯುರೇನಿಯಂಗೆ ನ್ಯೂಟ್ರಾನ್ ಹೊಡೆದರೆ ಬೇರಿಯಂ ಸಿಗುತ್ತಿದೆ ಎಂದು ಓಟ್ಟೋ ಹಾನ್ ಬರೆದ ಪತ್ರ ಅವರ ಕೈಲಿತ್ತು. ಹಿಮದಲ್ಲಿ ನಡೆಯುತ್ತ ಇಬ್ಬರೂ ಲೆಕ್ಕ ಹಾಕಿದರು. ನ್ಯೂಕ್ಲಿಯಸ್ ಎರಡಾಗಿ ಒಡೆದರೆ ಕಳೆದುಹೋಗುವ ರಾಶಿ ಪ್ರೋಟಾನಿನ ಐದನೇ ಒಂದು ಭಾಗದಷ್ಟು, ಅಂದರೆ ಸುಮಾರು 200 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಐನ್‌ಸ್ಟೈನ್ ಸಮೀಕರಣಕ್ಕೆ ಈ ಕಥೆಯಲ್ಲಿ ನ್ಯಾಯವಾದ ಜಾಗವಿದ್ದರೆ ಅದು ಇಲ್ಲೇ.

1939ರ ಬೇಸಿಗೆಯಲ್ಲಿ ಫ್ರಿಶ್ ಬರ್ಮಿಂಗ್‌ಹ್ಯಾಂಗೆ ಬಂದಿದ್ದರು, ಅಷ್ಟರಲ್ಲಿ ಯುದ್ಧ ಶುರುವಾಗಿ ಅಲ್ಲೇ ಉಳಿದರು. ಪ್ರಯೋಗಾಲಯ ಮಾರ್ಕ್ ಓಲಿಫಂಟ್ ಅವರದು, ಅಲ್ಲಿ ನಡೆಯುತ್ತಿದ್ದದ್ದು ರೇಡಾರ್ ಕೆಲಸ. 1940ರ ಫೆಬ್ರವರಿ 21ರಂದು ಅಲ್ಲಿನ ರ‍್ಯಾಂಡಲ್ ಮತ್ತು ಬೂಟ್ ರೇಡಾರ್‌ಗೆ ಬೇಕಾದ ಸೂಕ್ಷ್ಮತರಂಗ ಹುಟ್ಟಿಸುವ ಕ್ಯಾವಿಟಿ ಮ್ಯಾಗ್ನೆಟ್ರಾನ್ ನಡೆಸಿ ತೋರಿಸಿದರು. ಹತ್ತು ಸೆಂಟಿಮೀಟರಿಗೂ ತುಸು ಕಡಿಮೆ ತರಂಗದೂರದಲ್ಲಿ ಸುಮಾರು 400 ವಾಟ್ ಬಂತು. ಬ್ರಿಟನ್ನಿಗೆ ಆಗ ಅತಿ ಮುಖ್ಯವಾದ ಗುಟ್ಟು ಅದು. ಅದರೊಳಗೆ ಶತ್ರುದೇಶದ ಪ್ರಜೆ ಎನ್ನಿಸಿಕೊಂಡ ಫ್ರಿಶ್ ಅವರಿಗೆ ಪ್ರವೇಶವಿರಲಿಲ್ಲ. ಪೈಯರ್ಲ್ಸ್‌ಗೆ ಬ್ರಿಟಿಷ್ ಪೌರತ್ವ ಬಂದದ್ದೇ ಆ ದಿನಗಳಲ್ಲಿ. ಓಲಿಫಂಟ್ ಪೈಯರ್ಲ್ಸ್ ಬಳಿ ಕೆಲವು ಗಣಿತದ ಪ್ರಶ್ನೆ ಕೇಳುತ್ತಿದ್ದರು, ಯಾತಕ್ಕೆ ಎಂದು ಹೇಳುತ್ತಿರಲಿಲ್ಲ. ನಂಬಿಕೆಯುಳ್ಳವರೆಲ್ಲ ರೇಡಾರ್ ಮೇಲೆ ಕೂತಿದ್ದಾಗ, ಹೊರಗಿಟ್ಟವರ ಪಾಲಿಗೆ ಉಳಿದದ್ದು ಆಗ ಯಾರೂ ಯುದ್ಧಕ್ಕೆ ಉಪಯೋಗ ಎಂದುಕೊಳ್ಳದ ಯುರೇನಿಯಂ. ದಯವಿಟ್ಟು ಈ ಸಂಗತಿಯನ್ನು ಪಾಠದಿಂದ ಬಿಡಬೇಡಿ, ಮುಂದಿನದೆಲ್ಲ ಇದರಿಂದಲೇ ಹೊರಟಿತು.

ಫ್ರಿಶ್ ಆಗ ತಾನೇ ಒಂದು ವಿಮರ್ಶಾ ಲೇಖನದಲ್ಲಿ ಬಾಂಬ್ ಸಾಧ್ಯವಿಲ್ಲ ಎಂದು ಬರೆದಿದ್ದರು. ಎಲ್ಲರ ಲೆಕ್ಕವೂ ನೈಸರ್ಗಿಕ ಯುರೇನಿಯಂ ಮೇಲೆ, ಟನ್‌ಗಳಲ್ಲಿ ಇತ್ತು. ಆ ಯುರೇನಿಯಂನಲ್ಲಿ 235 ಎಂಬ ಸಮಸ್ಥಾನಿ (ಐಸೋಟೋಪ್, ಅದೇ ಧಾತುವಿನ ಬೇರೆ ತೂಕದ ಪರಮಾಣು) 140ರಲ್ಲಿ ಒಂದು ಪಾಲು ಮಾತ್ರ, ಉಳಿದದ್ದು 238. ಫ್ರಿಶ್ ಪೈಯರ್ಲ್ಸ್ ಮುಂದೆ ಇಟ್ಟ ಪ್ರಶ್ನೆ ಇಷ್ಟು: ಶುದ್ಧ 235 ಸಿಕ್ಕಿತು ಅಂತಿಟ್ಟುಕೊಳ್ಳೋಣ, ಆಗ ಏನಾಗುತ್ತದೆ?

ಆ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಹಾಕಬಹುದು. ನ್ಯೂಟ್ರಾನ್ ತಗುಲಿದರೆ 235 ಒಡೆದೇ ಒಡೆಯುತ್ತದೆ ಎಂದು ಇಬ್ಬರೂ ಊಹಿಸಿಕೊಂಡರು. ಆದ್ದರಿಂದ ಅಡ್ಡಛೇದವನ್ನು, ಅಂದರೆ ನ್ಯೂಟ್ರಾನಿಗೆ ನ್ಯೂಕ್ಲಿಯಸ್ ಎಷ್ಟು ದೊಡ್ಡ ಗುರಿ ಎಂಬ ಅಳತೆಯನ್ನು, 10ರ ಮೈನಸ್ 23ನೇ ಘಾತದಷ್ಟು ಚದರ ಸೆಂಟಿಮೀಟರ್ ಎಂದು ತೆಗೆದುಕೊಂಡರು. ಒಂದು ವಿದಳನದಿಂದ ಹೊರಬರುವ ನ್ಯೂಟ್ರಾನ್ ಸರಾಸರಿ 2.3. ಒಂದು ನ್ಯೂಟ್ರಾನ್ ನ್ಯೂಕ್ಲಿಯಸ್‌ಗೆ ಬಡಿಯುವ ಮುಂಚೆ ಸಾಗುವ ಸರಾಸರಿ ದೂರ 2.6 ಸೆಂಟಿಮೀಟರ್. ಗೋಳ ಚಿಕ್ಕದಾದರೆ ನ್ಯೂಟ್ರಾನುಗಳು ಮೇಲ್ಮೈಯಿಂದ ಸೋರಿಹೋಗುತ್ತವೆ, ದೊಡ್ಡದಾದಂತೆ ಒಳಗೆ ಹುಟ್ಟುವುದು ಸೋರುವುದಕ್ಕಿಂತ ಹೆಚ್ಚಾಗುತ್ತದೆ. ಎರಡೂ ಸಮವಾಗುವ ಗಾತ್ರವೇ ಕ್ರಾಂತಿಕ ಗಾತ್ರ. ಅವರಿಗೆ ಸಿಕ್ಕ ತ್ರಿಜ್ಯ 2.1 ಸೆಂಟಿಮೀಟರ್, ರಾಶಿ ಸುಮಾರು 600 ಗ್ರಾಂ. ಟನ್‌ಗಳ ಲೆಕ್ಕ ಅಂಗೈಯಲ್ಲಿ ಹಿಡಿಯುವ ಗುಂಡಿಗೆ ಇಳಿದಿತ್ತು.

ವಿದ್ಯಾರ್ಥಿಗಳಿಗೆ ಇಲ್ಲೊಂದು ಒಳ್ಳೆಯ ಕೆಲಸವಿದೆ. 2.1 ಸೆಂಟಿಮೀಟರ್ ತ್ರಿಜ್ಯದ ಗೋಳದ ಘನಗಾತ್ರ ಸುಮಾರು 38.8 ಘನ ಸೆಂಟಿಮೀಟರ್. 600 ಗ್ರಾಂ ಬರಬೇಕಾದರೆ ಸಾಂದ್ರತೆ 15ರ ಆಸುಪಾಸಿನಲ್ಲಿರಬೇಕು. 2.6 ಸೆಂಟಿಮೀಟರ್ ಪಥದಿಂದ ಹಿಂದಕ್ಕೆ ಹೋದರೂ ಅದೇ 15 ಬರುತ್ತದೆ. ಯುರೇನಿಯಂ ಲೋಹದ ಸಾಂದ್ರತೆ ಸುಮಾರು 19. ಅದನ್ನು ಹಾಕಿದ್ದರೆ ಉತ್ತರ ಇನ್ನೂ ಕೆಳಗಿಳಿದು 360 ಗ್ರಾಂ ಹತ್ತಿರ ಬರುತ್ತಿತ್ತು, ಏಕೆಂದರೆ ಕ್ರಾಂತಿಕ ರಾಶಿ ಸಾಂದ್ರತೆಯ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆ. ಹೊದಿಕೆ ಇಲ್ಲದ ಶುದ್ಧ 235ರ ಗೋಳಕ್ಕೆ ನಿಜವಾಗಿ ಬೇಕಾದದ್ದು ಸುಮಾರು 52 ಕಿಲೋ, ತ್ರಿಜ್ಯ ಎಂಟೂವರೆ ಸೆಂಟಿಮೀಟರಿಗೂ ತುಸು ಹೆಚ್ಚು. ತಪ್ಪು ಎಲ್ಲಿತ್ತು? ಅಡ್ಡಛೇದದಲ್ಲಿ. ವೇಗದ ನ್ಯೂಟ್ರಾನ್‌ಗೆ ನಿಜವಾದ ವಿದಳನ ಅಡ್ಡಛೇದ ಅವರು ಊಹಿಸಿದ್ದರ ಎಂಟನೇ ಒಂದು ಭಾಗದಷ್ಟೇ. ಅದೊಂದೇ ಕಾರಣವಾಗಿದ್ದರೆ ರಾಶಿ ನೂರಾರು ಪಟ್ಟು ಏರಬೇಕಿತ್ತು. ಆದರೆ ಒಡೆಯದೆ ಬರೀ ಡಿಕ್ಕಿ ಹೊಡೆದು ದಿಕ್ಕು ಬದಲಿಸುವ ನ್ಯೂಟ್ರಾನ್ ಗೋಳದೊಳಗೆ ಹೆಚ್ಚು ಹೊತ್ತು ಸುತ್ತುತ್ತದೆ, ಆದ್ದರಿಂದ ಏರಿಕೆ ನೂರು ಪಟ್ಟಿನೊಳಗೇ ನಿಂತಿತು. ಸರಿಯಾದ ಉತ್ತರ ಮೊದಲ ದಿನವೇ ಬಂದಿದ್ದರೆ 1940ರ ಬ್ರಿಟನ್ ಈ ಕೆಲಸಕ್ಕೆ ಕೈ ಹಾಕುತ್ತಿತ್ತು ಎಂದು ನಮಗೆ ಅನ್ನಿಸುವುದಿಲ್ಲ.

ಸಮಯದ ಲೆಕ್ಕವೂ ಹೀಗೇ ಸರಳ. ವೇಗದ ನ್ಯೂಟ್ರಾನ್ ಸೆಕೆಂಡಿಗೆ ಸುಮಾರು ನೂರು ಕೋಟಿ ಸೆಂಟಿಮೀಟರ್ ಸಾಗುತ್ತದೆ, 2.6 ಸೆಂಟಿಮೀಟರಿಗೆ ಹಿಡಿಯುವುದು ಸೆಕೆಂಡಿನ ನೂರು ಕೋಟಿಯಲ್ಲಿ 2.6 ಭಾಗ. ಒಂದು ಎರಡಾಗಿ, ಎರಡು ನಾಲ್ಕಾಗಿ 80 ತಲೆಮಾರು ನಡೆದರೆ ಸುಮಾರು ಅರ್ಧ ಕಿಲೋದಲ್ಲಿರುವ ಪರಮಾಣುಗಳ ಸಂಖ್ಯೆ ತಲುಪುತ್ತದೆ. ಒಟ್ಟು ಸಮಯ ಮೈಕ್ರೋಸೆಕೆಂಡಿನ ಐದನೇ ಒಂದು ಭಾಗ. ಮಂದಗೊಳಿಸಿದ ನ್ಯೂಟ್ರಾನಾದರೆ ಇಷ್ಟು ಬೇಗ ಆಗುವುದಿಲ್ಲ, ಗುಂಡು ಕಾದು ಉಬ್ಬಿ ಚೂರಾಗಿ ಕ್ರಿಯೆ ನಿಂತುಹೋಗುತ್ತದೆ. ಮಂದ ನ್ಯೂಟ್ರಾನಿನಿಂದ ನಡೆಯುವ ಪರಮಾಣು ಸ್ಥಾವರಕ್ಕೂ ಬಾಂಬ್‌ಗೂ ಇರುವ ವ್ಯತ್ಯಾಸವನ್ನು ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ಹೇಳುವ ದಾರಿ ನಮಗೆ ಗೊತ್ತಿಲ್ಲ.

ಇಬ್ಬರೂ ಈ ಲೆಕ್ಕಗಳನ್ನು ಒಂದು ಟಿಪ್ಪಣಿಯಾಗಿ ಬರೆದರು, ಅದನ್ನು ಪೈಯರ್ಲ್ಸ್ ತಾವೇ ಟೈಪ್ ಮಾಡಿದರು. ಟೈಪಿಸ್ಟ್ ಕೈಗೆ ಕೊಡುವಂಥ ವಿಷಯ ಅದಾಗಿರಲಿಲ್ಲ. ಅದರಲ್ಲಿ ಎರಡು ಭಾಗ, ಒಂದು ತಾಂತ್ರಿಕ, ಇನ್ನೊಂದು ಅಧಿಕಾರಿಗಳು ಓದುವಂಥದ್ದು. ಐದು ಕಿಲೋ ಬಾಂಬ್ ಹಲವು ಸಾವಿರ ಟನ್ ಡೈನಮೈಟ್‌ಗೆ ಸಮ ಎಂಬ ಅಂದಾಜು ಅದರಲ್ಲಿದೆ. ವಿಕಿರಣ ಗಾಳಿಯೊಂದಿಗೆ ಹರಡುತ್ತದೆ, ಸ್ಫೋಟದ ಜಾಗಕ್ಕೆ ಎಷ್ಟೋ ದಿನ ಕಾಲಿಡುವಂತಿಲ್ಲ ಎಂಬ ಎಚ್ಚರಿಕೆ ಇದೆ. ದೊಡ್ಡ ಸಂಖ್ಯೆಯ ನಾಗರಿಕರನ್ನು ಕೊಲ್ಲದೆ ಇದನ್ನು ಬಳಸಲು ಬಹುಶಃ ಆಗುವುದಿಲ್ಲ, ಆ ಕಾರಣಕ್ಕೆ ಈ ದೇಶಕ್ಕೆ ಇದು ತಕ್ಕ ಆಯುಧವಾಗದಿರಬಹುದು ಎಂದೂ ಬರೆದಿದ್ದಾರೆ. ಜರ್ಮನಿ ಮೊದಲು ಮಾಡಿಬಿಟ್ಟರೆ ಅದಕ್ಕೆ ರಕ್ಷಣೆಯೇ ಇಲ್ಲ, ಎದುರಿಗೆ ಇಂಥದ್ದೇ ಇದ್ದರೆ ಮಾತ್ರ ತಡೆ ಎನ್ನುವುದು ಅವರ ವಾದ. ಹಿರೋಷಿಮಾಕ್ಕೆ ಐದು ವರ್ಷ ಮುಂಚೆ ಇಬ್ಬರು ನಿರಾಶ್ರಿತರು ಇಷ್ಟೆಲ್ಲ ಬರೆದಿಟ್ಟಿದ್ದರು. ಅಣುಬಾಂಬ್ ಏನು ಮಾಡುತ್ತದೆಂದು ವಿಜ್ಞಾನಿಗಳಿಗೆ ತಿಳಿದಿರಲಿಲ್ಲ ಎಂಬ ವಾಕ್ಯ ಯಾವ ಪಾಠದಲ್ಲಾದರೂ ಇದ್ದರೆ ಅದನ್ನು ತೆಗೆಯಿರಿ.

ಓಲಿಫಂಟ್ ಅದನ್ನು ಸರ್ಕಾರದ ವಿಜ್ಞಾನ ಸಲಹೆಗಾರ ಹೆನ್ರಿ ಟಿಜಾರ್ಡ್‌ಗೆ ಕಳಿಸಿದರು. ಜಿ. ಪಿ. ಥಾಮ್ಸನ್ ಅಧ್ಯಕ್ಷತೆಯಲ್ಲಿ ಬಾಂಬ್ ಸಾಧ್ಯವೇ ಎಂದು ಪರಿಶೀಲಿಸಲು, ಮಾಡ್ ಸಮಿತಿ ಎಂದು ಮುಂದೆ ಹೆಸರಾದ ಗುಂಪು ಏಪ್ರಿಲ್ 10ರಂದು ಮೊದಲ ಬಾರಿ ಸೇರಿತು. ಆ ಸಮಿತಿಯಲ್ಲಿ ಟಿಪ್ಪಣಿ ಬರೆದವರಿಬ್ಬರಿಗೂ ಜಾಗವಿರಲಿಲ್ಲ. ತಾವೇ ಕಂಡುಕೊಂಡ ಗುಟ್ಟನ್ನು ತಮಗೇ ಹೇಳುವಂತಿಲ್ಲ ಎಂಬ ಸ್ಥಿತಿ. ಪೈಯರ್ಲ್ಸ್ ಇದನ್ನು ಬಿಡದೆ ಪ್ರಶ್ನಿಸಿದ ಮೇಲೆ ತಾಂತ್ರಿಕ ಉಪಸಮಿತಿಯಲ್ಲಿ ಇಬ್ಬರಿಗೂ ಜಾಗ ಸಿಕ್ಕಿತು.

ಇನ್ನು 235ನ್ನು ಬೇರ್ಪಡಿಸುವ ಮಾತು. ಬಾಂಬ್‌ನ ಕಷ್ಟದ ಬಹುಪಾಲು ಇಲ್ಲೇ ಇದೆ. ಟಿಪ್ಪಣಿಯಲ್ಲಿ ಸೂಚಿಸಿದ್ದು ಕ್ಲೂಸಿಯಸ್ ಕೊಳವೆ. ಒಂದು ಕೊಳವೆಯ ಒಳಗೆ ಇನ್ನೊಂದು, ಒಂದು ಬಿಸಿ, ಇನ್ನೊಂದು ತಣ್ಣಗೆ, ನಡುವೆ ಯುರೇನಿಯಂ ಹೆಕ್ಸಾಫ್ಲೋರೈಡ್ ಅನಿಲ. ಹಗುರ ಅಣು ಬಿಸಿ ಗೋಡೆಯತ್ತ ಸರಿದು ಮೇಲೇರಬೇಕು. ದಿನಕ್ಕೆ 100 ಗ್ರಾಂ ಪಡೆಯಲು ಒಂದು ಲಕ್ಷದಷ್ಟು ಕೊಳವೆ ಬೇಕಾದೀತು ಎಂದು ಅಂದಾಜು ಮಾಡಿದ್ದರು. ಫ್ರಿಶ್ ಕೊಳವೆ ಕಟ್ಟಿ ನೋಡಿದರು, ಆಮೇಲೆ ಲಿವರ್‌ಪೂಲ್‌ನಲ್ಲಿ ಚಾಡ್ವಿಕ್ ಬಳಿಯೂ ಕೆಲಸ ಮುಂದುವರಿಸಿದರು. ಆ ಅನಿಲದಲ್ಲಿ ಈ ಪರಿಣಾಮ ಹೆಚ್ಚುಕಡಿಮೆ ಸೊನ್ನೆ ಎಂದು ಗೊತ್ತಾಯಿತು, ದಾರಿ ಮುಚ್ಚಿತು. ಅದೇ ವಸ್ತುವನ್ನು ಒತ್ತಡದಲ್ಲಿ ದ್ರವವಾಗಿಟ್ಟರೆ ಸ್ವಲ್ಪಮಟ್ಟಿಗೆ ನಡೆಯುತ್ತದೆ. ಅಮೆರಿಕದ ಓಕ್ ರಿಜ್‌ನಲ್ಲಿ 1944ರಲ್ಲಿ 2,142 ಕಂಬಗಳ ಸ್ಥಾವರ ಕಟ್ಟಿದ್ದು ಹಾಗೆ.

ಕೆಲಸ ಮಾಡಿದ ದಾರಿ ಹುಡುಕಿದವರು ಫ್ರಾಂಟ್ಸ್ ಸೈಮನ್. ಬ್ರೆಸ್ಲೌ ಬಿಟ್ಟು 1933ರಲ್ಲಿ ಆಕ್ಸ್‌ಫರ್ಡ್‌ಗೆ ಬಂದ ಶೀತಭೌತ ತಜ್ಞರು. ಅವರ ಗುಂಪಿನ ನಿಕೋಲಸ್ ಕುರ್ಟಿ, ಹೈನ್ರಿಕ್ ಕೂನ್ ಕೂಡ ನಿರಾಶ್ರಿತರೇ. ಸಣ್ಣ ರಂಧ್ರಗಳ ಪೊರೆಯ ಮೂಲಕ ಅನಿಲ ಹಾಯಿಸಿದರೆ ಹಗುರ ಅಣು ತುಸು ಬೇಗ ದಾಟುತ್ತದೆ ಎಂಬುದು ಹಳೆಯ ತತ್ವ. ಸೈಮನ್ ಅಡುಗೆಮನೆಯ ತಂತಿ ಜರಡಿಯನ್ನು ಸುತ್ತಿಗೆಯಿಂದ ಬಡಿದು ತೂತು ಕಿರಿದಾಗಿಸಿ ಮೊದಲ ಪರೀಕ್ಷೆಗೆ ಇಳಿದರು. ಪರೀಕ್ಷೆಯ ಅನಿಲ ಯುರೇನಿಯಂದಲ್ಲ, ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯ ಮಿಶ್ರಣ.

ಇಲ್ಲಿ ಮಕ್ಕಳಿಗೆ ಒಂದು ವರ್ಗಮೂಲ ಸಾಕು. 235 ಇರುವ ಹೆಕ್ಸಾಫ್ಲೋರೈಡಿನ ಅಣುರಾಶಿ 349, 238 ಇರುವುದರದ್ದು 352. ಅನುಪಾತದ ವರ್ಗಮೂಲ 1.0043. ಅಂದರೆ ಒಂದು ಪೊರೆ ದಾಟಿದಾಗ ಸಿಗುವ ಲಾಭ ಆದರ್ಶ ಸ್ಥಿತಿಯಲ್ಲೂ ಸಾವಿರಕ್ಕೆ ನಾಲ್ಕು ಚಿಲ್ಲರೆ. ಶೇಕಡಾ 0.7ರಿಂದ 90ಕ್ಕೆ ಏರಲು ಲೆಕ್ಕದ ಪ್ರಕಾರ 1,600ಕ್ಕೂ ಮೀರಿದ ಹಂತ ಬೇಕು, ವಾಸ್ತವದಲ್ಲಿ ಇನ್ನೂ ಹೆಚ್ಚು. ಅನಿಲವೋ ಮಹಾ ಕಾಟದ್ದು. ತೇವಾಂಶ ಸೋಕಿದರೆ ಹೈಡ್ರೋಫ್ಲೋರಿಕ್ ಆಮ್ಲವಾಗುತ್ತದೆ, ಗ್ರೀಸನ್ನು ತಿನ್ನುತ್ತದೆ, ಲೋಹವನ್ನು ಕೊರೆದು ಆ ಪುಡಿಯಿಂದಲೇ ಪೊರೆಯ ತೂತು ಕಟ್ಟುತ್ತದೆ. ಸಾಮಾನ್ಯ ಒತ್ತಡದಲ್ಲಿ 56 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗಿಬಿಡುತ್ತದೆ. ಪಂಪಿನ ಸೀಲು, ಎಣ್ಣೆ, ಪೊರೆಯ ಲೋಹ, ಎಲ್ಲವನ್ನೂ ಹೊಸದಾಗಿ ಯೋಚಿಸಬೇಕಾಯಿತು. 1940ರ ಡಿಸೆಂಬರ್‌ನಲ್ಲಿ ಸೈಮನ್ ಕೊಟ್ಟ ವರದಿಯಲ್ಲಿ ದಿನಕ್ಕೆ ಒಂದು ಕಿಲೋ ಕೊಡುವ ಸ್ಥಾವರದ ಅಂದಾಜಿದೆ: ಸುಮಾರು 40 ಎಕರೆ ಜಾಗ, 60,000 ಕಿಲೋವಾಟ್ ವಿದ್ಯುತ್, ನಲವತ್ತೈವತ್ತು ಲಕ್ಷ ಪೌಂಡ್. ಕೊನೆಗೆ ಓಕ್ ರಿಜ್‌ನಲ್ಲಿ ಎದ್ದ ಸ್ಥಾವರ ಅರ್ಧ ಮೈಲಿ ಉದ್ದದ್ದು, ಸುಮಾರು 3,000 ಹಂತದ್ದು, ಪೊರೆ ನಿಕ್ಕಲಿನದು. ಬಾಂಬ್ ಎಂದರೆ ಒಬ್ಬ ಮೇಧಾವಿಯ ತಲೆಯಲ್ಲಿ ಹೊಳೆದ ಬೆಳಕು ಎಂದು ನಂಬಿದ ಹುಡುಗನಿಗೆ ಈ ಪಂಪು, ಸೀಲು, ಜರಡಿಗಳನ್ನು ತೋರಿಸಬೇಕು.

1941ರ ಜುಲೈ ಹೊತ್ತಿಗೆ ಮಾಡ್ ಸಮಿತಿಯ ವರದಿ ಸಿದ್ಧವಾಯಿತು. ಬೇಕಾದ ರಾಶಿ 25 ಪೌಂಡ್, ಸ್ಫೋಟ 1,800 ಟನ್ ಟಿಎನ್‌ಟಿಗೆ ಸಮ. ಪ್ರತಿ ಅಮೆರಿಕಕ್ಕೂ ಹೋಯಿತು, ಉತ್ತರ ಬರಲಿಲ್ಲ. ಆಗಸ್ಟ್‌ನಲ್ಲಿ ಓಲಿಫಂಟ್ ಅಲ್ಲಿಗೆ ಹೋಗಿ ವಿಚಾರಿಸಿದರೆ ಅದು ಅಲ್ಲಿನ ಯುರೇನಿಯಂ ಸಮಿತಿಯ ಅಧ್ಯಕ್ಷರ ತಿಜೋರಿಯಲ್ಲಿ ಭದ್ರವಾಗಿತ್ತು. ಅವರು ಊರೂರು ತಿರುಗಿ ಅಲ್ಲಿನ ಭೌತವಿಜ್ಞಾನಿಗಳನ್ನು ಎಚ್ಚರಿಸಿದ ಮೇಲೆಯೇ ಅಮೆರಿಕದ ಯೋಜನೆಗೆ ವೇಗ ಬಂತು.

ಅಮೆರಿಕದಲ್ಲಿ ಅಷ್ಟರಲ್ಲಿ ಇನ್ನೊಂದು ದಾರಿ ತೆರೆದಿತ್ತು. ನೈಸರ್ಗಿಕ ಯುರೇನಿಯಂನಲ್ಲೇ ಸರಪಳಿ ಕ್ರಿಯೆ (ಒಂದು ವಿದಳನದ ನ್ಯೂಟ್ರಾನ್ ಮುಂದಿನ ವಿದಳನ ಮಾಡುತ್ತಾ ಹೋಗುವುದು) ನಡೆಸಬೇಕಾದರೆ ನ್ಯೂಟ್ರಾನುಗಳನ್ನು ನುಂಗದೆ ನಿಧಾನಗೊಳಿಸುವ ಮಂದಕ ಬೇಕು, ಭಾರಜಲ ಅಥವಾ ಗ್ರ್ಯಾಫೈಟ್. ಇಟಲಿಯ ಎನ್ರಿಕೋ ಫೆರ್ಮಿ 1938ರ ಜನಾಂಗೀಯ ಕಾಯಿದೆಗಳ ನಂತರ, ನೊಬೆಲ್ ಪಡೆಯಲು ಹೋದವರು ಹಾಗೇ ಹೆಂಡತಿ ಮಕ್ಕಳೊಂದಿಗೆ ಅಮೆರಿಕಕ್ಕೆ ಹೊರಟುಬಿಟ್ಟಿದ್ದರು. ಅವರ ಪತ್ನಿ ಯೆಹೂದಿ. ಫೆರ್ಮಿ ಮತ್ತು ಸಿಲಾರ್ಡ್ ಗ್ರ್ಯಾಫೈಟ್ ಹಿಡಿದರು. ಮೊದಲು ಬಂದ ಗ್ರ್ಯಾಫೈಟ್ ಹೆಚ್ಚು ನ್ಯೂಟ್ರಾನ್ ನುಂಗಿತು. ಎಂಜಿನಿಯರಿಂಗ್ ಓದಿದ್ದ ಸಿಲಾರ್ಡ್ ನೇರವಾಗಿ ತಯಾರಕರ ಬೆನ್ನು ಹತ್ತಿದರು. ಕಾರಣ ಬೋರಾನ್. ಒಂದು ಬೋರಾನ್ ಪರಮಾಣು ಇಂಗಾಲದ ಪರಮಾಣುವಿಗಿಂತ ಸುಮಾರು ಎರಡು ಲಕ್ಷ ಪಟ್ಟು ಹೆಚ್ಚು ಮಂದ ನ್ಯೂಟ್ರಾನ್ ನುಂಗುತ್ತದೆ. ಹತ್ತು ಲಕ್ಷ ಇಂಗಾಲಕ್ಕೆ ಒಂದೇ ಒಂದು ಬೋರಾನ್ ಇದ್ದರೂ ನಷ್ಟ ಐದನೇ ಒಂದು ಭಾಗ ಏರುತ್ತದೆ. ಜರ್ಮನಿಯಲ್ಲಿ ವಾಲ್ಟರ್ ಬೋತೆ 1941ರ ಆರಂಭದಲ್ಲಿ ಇದೇ ಅಳತೆ ಮಾಡಿದರು. ಕಲ್ಮಶವಿದ್ದ ಗ್ರ್ಯಾಫೈಟ್ ಆಗಿದ್ದರಿಂದ ಅದು ಮಂದಕವಾಗಿ ಪ್ರಯೋಜನವಿಲ್ಲ ಎಂಬ ತೀರ್ಮಾನಕ್ಕೆ ಬಂದರು, ಜರ್ಮನ್ನರು ನಾರ್ವೆಯ ಭಾರಜಲಕ್ಕೇ ಅಂಟಿಕೊಂಡರು. ತಮ್ಮ ಸರಿಯಾದ ಅಳತೆಯನ್ನು ಪ್ರಕಟಿಸಬೇಡಿ ಎಂದು ಸಿಲಾರ್ಡ್ 1940ರಲ್ಲೇ ಫೆರ್ಮಿಯವರನ್ನು ಒತ್ತಾಯಿಸಿದ್ದರು. ಫೆರ್ಮಿ ಒಲ್ಲದ ಮನಸ್ಸಿನಿಂದ ಒಪ್ಪಿದ್ದರು.

1942ರ ಡಿಸೆಂಬರ್ 2ರಂದು ಶಿಕಾಗೋ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗೆ ಸುಮಾರು 45,000 ಗ್ರ್ಯಾಫೈಟ್ ಇಟ್ಟಿಗೆಗಳ ರಾಶಿಯಲ್ಲಿ ಸರಪಳಿ ಕ್ರಿಯೆ ತಾನಾಗಿ ನಡೆಯಿತು. ಸಿಕ್ಕ ಶಕ್ತಿ ಅರ್ಧ ವಾಟ್. ಇಂಥ ಕ್ರಿಯೆಯಲ್ಲಿ ಯುರೇನಿಯಂನಿಂದ ಹುಟ್ಟುವ ಪ್ಲುಟೋನಿಯಂ ಕೂಡ ಬಾಂಬ್‌ಗೆ ಒದಗುತ್ತದೆ. ಅದನ್ನು ತಯಾರಿಸಲು ಅಮೆರಿಕದ ಹ್ಯಾನ್‌ಫರ್ಡ್‌ನಲ್ಲಿ ಕಟ್ಟಿದ ಸ್ಥಾವರಗಳ ವಿನ್ಯಾಸ ಮಾಡಿದವರು ವಿಗ್ನರ್ ಮತ್ತು ಅವರ ಗುಂಪು. ನಿರಾಶ್ರಿತರದ್ದೇ ಯಾವಾಗಲೂ ಸರಿ ಎಂದು ಪಾಠ ಹೇಳಬಾರದು ಎನ್ನುವುದಕ್ಕೆ ಇಲ್ಲೊಂದು ನಿದರ್ಶನವಿದೆ. ವಿಗ್ನರ್ ವಿನ್ಯಾಸದಲ್ಲಿ ಯುರೇನಿಯಂ ತುಂಬುವ 1,500 ನಳಿಕೆಗಳಿದ್ದವು. ಸ್ಥಾವರ ಕಟ್ಟಿದ ಡ್ಯೂಪಾಂಟ್ ಎಂಜಿನಿಯರುಗಳು ಮುಂಜಾಗ್ರತೆಗೆಂದು ಮೂಲೆಗಳಿಗೆ ಇನ್ನೂ 504 ಸೇರಿಸಿದರು, ವಿಗ್ನರ್ ಅವರಿಗೆ ಈ ಅತಿಜಾಗ್ರತೆ ಹಿಡಿಸಲಿಲ್ಲ. 1944ರ ಸೆಪ್ಟೆಂಬರ್ ಕೊನೆಯಲ್ಲಿ ಸ್ಥಾವರ ಶುರುವಾದ ಕೆಲವೇ ಗಂಟೆಗಳಲ್ಲಿ ಶಕ್ತಿ ಕುಸಿಯುತ್ತಾ ಬಂದು ನಿಂತೇಹೋಯಿತು. ವಿದಳನದ ತುಣುಕುಗಳಿಂದ ಹುಟ್ಟುವ ಜ಼ೆನಾನ್ 135, ಅರ್ಧಾಯುಷ್ಯ ಒಂಬತ್ತು ಗಂಟೆ ಚಿಲ್ಲರೆ, ನ್ಯೂಟ್ರಾನುಗಳನ್ನು ಅಪಾರವಾಗಿ ನುಂಗುತ್ತಿತ್ತು. ಹೆಚ್ಚುವರಿ ನಳಿಕೆಗಳಿಗೂ ಯುರೇನಿಯಂ ತುಂಬಿದ ಮೇಲೆ ಸ್ಥಾವರ ಪೂರ್ತಿ ಶಕ್ತಿಗೆ ಬಂತು.

ಎಲ್ಲವೂ ಬಾಂಬ್ ಆಗಿರಲಿಲ್ಲ. ಬರ್ಲಿನ್ ಬಿಟ್ಟು ಬಂದ ಅರ್ನ್‌ಸ್ಟ್ ಚೈನ್ ಆಕ್ಸ್‌ಫರ್ಡ್‌ನಲ್ಲಿ ಪೆನಿಸಿಲಿನ್ ಶುದ್ಧೀಕರಣದಲ್ಲಿದ್ದರು. ಎಂಟು ಇಲಿಗಳಿಗೆ ಸೋಂಕು ಹಚ್ಚಿ ನಾಲ್ಕಕ್ಕೆ ಮಾತ್ರ ಮದ್ದು ಕೊಟ್ಟ ಪ್ರಸಿದ್ಧ ಪ್ರಯೋಗ ನಡೆದದ್ದು 1940ರ ಮೇ 25ರಂದು. ಅದೇ ದಿನಗಳಲ್ಲಿ ಬ್ರಿಟಿಷ್ ಸರ್ಕಾರ ಶತ್ರುದೇಶದ ಪ್ರಜೆಗಳನ್ನು ಸಾರಾಸಗಟಾಗಿ ಹಿಡಿದು ಶಿಬಿರಕ್ಕೆ ಹಾಕುತ್ತಿತ್ತು. ನಾಜಿಗಳಿಂದ ಓಡಿಬಂದವರೂ ನಾಜಿಗಳೂ ಒಂದೇ ಬಲೆಗೆ ಬಿದ್ದರು. ಬಂಧಿತರನ್ನು ಕೆನಡಾಕ್ಕೆ ಒಯ್ಯುತ್ತಿದ್ದ ಅರಂಡೋರಾ ಸ್ಟಾರ್ ಹಡಗು ಜುಲೈ 2ರಂದು ಟಾರ್ಪಿಡೊ ಏಟಿಗೆ ಮುಳುಗಿ ಸುಮಾರು 800 ಜನ ಸತ್ತರು. ವಿಯೆನ್ನಾದ ಮ್ಯಾಕ್ಸ್ ಪೆರುಟ್ಜ್ ಅವರನ್ನೂ ಹೀಗೇ ಕೆನಡಾಕ್ಕೆ ಸಾಗಿಸಿದ್ದರು. ಮರಳಿ ಬಂದ ಮೇಲೆ, ಅವರು ಹಿಂದೆ ಹಿಮನದಿಗಳ ಮಂಜುಗಡ್ಡೆ ಅಭ್ಯಾಸ ಮಾಡಿದ್ದು ನೆನಪಾಗಿ, ಮಂಜುಗಡ್ಡೆಯ ವಿಮಾನವಾಹಕ ಹಡಗಿನ ಯೋಜನೆಗೆ ಕರೆದರು. ಶೇಕಡಾ 14ರಷ್ಟು ಮರದ ತಿರುಳು ಬೆರೆಸಿದ ಮಂಜು ಗುಂಡೇಟನ್ನೂ ತಡೆಯುತ್ತದೆ, ಆದರೆ ಭಾರದಡಿ ನಿಧಾನವಾಗಿ ಬಾಗುತ್ತದೆ, ಸದಾ ಮೈನಸ್ 15 ಡಿಗ್ರಿಯಲ್ಲಿಡಬೇಕು ಎಂದು ಅವರು ತೋರಿಸಿದರು. ಯೋಜನೆಯನ್ನು ಕೈಬಿಟ್ಟರು. ಹರ್ಮನ್ ಬಾಂಡಿ, ಥಾಮಸ್ ಗೋಲ್ಡ್ ಶಿಬಿರದಿಂದ ಹೊರಬಂದು ನೌಕಾಪಡೆಯ ರೇಡಾರ್ ಕೆಲಸ ಮಾಡಿದರು. ಮುಂಚೆ ಮುಳ್ಳುತಂತಿಯ ಹಿಂದೆ ಇಟ್ಟವರನ್ನೇ ಸರ್ಕಾರ ಗುಟ್ಟಿನ ಕೆಲಸಕ್ಕೆ ಕರೆದಿತ್ತು.

ಕ್ಲೌಸ್ ಫುಕ್ಸ್ ಅವರನ್ನು ಬಿಟ್ಟು ಈ ಪಾಠ ಬರೆದರೆ ಅದು ಪ್ರಾಮಾಣಿಕವಾಗುವುದಿಲ್ಲ. ಜರ್ಮನಿಯ ಕಮ್ಯುನಿಸ್ಟ್, ಅವರೂ ಕೆನಡಾದ ಶಿಬಿರದಲ್ಲಿದ್ದವರೇ. 1941ರಲ್ಲಿ ಪೈಯರ್ಲ್ಸ್ ಅವರನ್ನು ಬರ್ಮಿಂಗ್‌ಹ್ಯಾಂ ಕೆಲಸಕ್ಕೆ ಸೇರಿಸಿಕೊಂಡರು, ಬಾಂಬ್ ತಯಾರಾಗುತ್ತಿದ್ದ ಅಮೆರಿಕದ ಲಾಸ್ ಅಲಮೋಸ್‌ವರೆಗೂ ಫುಕ್ಸ್ ಹೋದರು. ಅಷ್ಟೂ ಕಾಲ ಸೋವಿಯತ್ ಒಕ್ಕೂಟಕ್ಕೆ ಮಾಹಿತಿ ಕೊಟ್ಟರು. 1950ರಲ್ಲಿ 14 ವರ್ಷ ಶಿಕ್ಷೆಯಾಯಿತು. ಹುಟ್ಟಿದ ದೇಶ ನೋಡಿ ಸಾವಿರಾರು ಜನರನ್ನು ಒಳಗೆ ಹಾಕಿದ ವ್ಯವಸ್ಥೆ, ನಿಜವಾಗಿ ಗುಟ್ಟು ಸಾಗಿಸಲಿದ್ದ ಒಬ್ಬನನ್ನೂ ಒಳಗೆ ಹಾಕಿ ಆಮೇಲೆ ಬಿಟ್ಟಿತ್ತು. ಎರಡೂ ಸಂಗತಿ ಒಂದೇ ಪುಟದಲ್ಲಿರಲಿ.

ಬೇಡವೆಂದವರೂ ಇದ್ದರು. ಮೈಟ್ನರ್ ಬಾಂಬ್ ಕೆಲಸಕ್ಕೆ ಬರಲು ನಿರಾಕರಿಸಿದರು. ಪೋಲೆಂಡಿನ ಜೋಸೆಫ್ ರಾಟ್‌ಬ್ಲಾಟ್ 1944ರ ಕೊನೆಯಲ್ಲಿ ಲಾಸ್ ಅಲಮೋಸ್ ಬಿಟ್ಟು ಹೊರಟರು. ಜೇಮ್ಸ್ ಫ್ರಾಂಕ್ ನೇತೃತ್ವದ ಗುಂಪು 1945ರ ಜೂನ್ 11ರ ವರದಿಯಲ್ಲಿ ಮುನ್ಸೂಚನೆಯಿಲ್ಲದೆ ಜಪಾನಿನ ಮೇಲೆ ಬಾಂಬ್ ಹಾಕಬೇಡಿ ಎಂದಿತು. ಜುಲೈ 17ರ ಸಿಲಾರ್ಡ್ ಮನವಿಗೆ 70 ಜನ ಸಹಿ ಮಾಡಿದರು.

ಬೆಂಗಳೂರು ಕೂಡ ಈ ಕಥೆಯಲ್ಲಿದೆ, ಅದನ್ನು ಕನ್ನಡದ ಪಠ್ಯವಲ್ಲದೆ ಇನ್ಯಾರು ಹೇಳಬೇಕು? ಗಟ್ಟಿಂಗನ್‌ನಲ್ಲಿ ಹುದ್ದೆ ಕಳೆದುಕೊಂಡ ಮ್ಯಾಕ್ಸ್ ಬಾರ್ನ್ ಅವರನ್ನು ಸಿ. ವಿ. ರಾಮನ್ 1935ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ಗೆ (ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಗೆ) ಕರೆಸಿಕೊಂಡರು. ಬಾರ್ನ್ ಸುಮಾರು ಆರು ತಿಂಗಳು ಇಲ್ಲಿದ್ದರು. ಅವರಿಗೆ ಖಾಯಂ ಹುದ್ದೆ ಕೊಡಿಸಲು ರಾಮನ್ ಹಟ ಹಿಡಿದರು, ಆಗಲಿಲ್ಲ. ಸ್ವಂತ ದೇಶವೇ ಓಡಿಸಿದ ಎರಡನೇ ದರ್ಜೆಯ ವಿದೇಶಿ ಎಂಬರ್ಥದ ಮಾತು ಸಭೆಯಲ್ಲಿ ಬಂತೆಂದು ಬಾರ್ನ್ ಆತ್ಮಕಥೆಯಲ್ಲಿ ಬರೆದಿದ್ದಾರೆ. 1936ರಲ್ಲಿ ಅವರು ಎಡಿನ್‌ಬರೋಗೆ ಹೋದರು. ಮರುವರ್ಷ ಅಲ್ಲಿ ಅವರ ಬಳಿ ಕೆಲಸಕ್ಕೆ ಬಂದವರೇ ಫುಕ್ಸ್. ಬಾರ್ನ್ ಮಾತ್ರ ಆಯುಧದ ಕೆಲಸಕ್ಕೆ ಕೈ ಹಾಕಲಿಲ್ಲ, 1954ರಲ್ಲಿ ನೊಬೆಲ್ ಬಂತು. ಅವರ ಸೋದರಳಿಯ, ನಿರಾಶ್ರಿತ ವಾಸ್ತುಶಿಲ್ಪಿ ಓಟ್ಟೋ ಕೋನಿಗ್ಸ್‌ಬರ್ಗರ್, 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಅವರು ವಿನ್ಯಾಸ ಮಾಡಿದ ಕಟ್ಟಡಗಳು ಆ ಸಂಸ್ಥೆಯ ಆವರಣದಲ್ಲೇ ಇವೆ.

ನಮ್ಮ ಕೋರಿಕೆ ದೊಡ್ಡದಲ್ಲ. ಪಾಠದಲ್ಲಿ ಎರಡು ಪುಟ, ತರಗತಿಯಲ್ಲಿ 40 ನಿಮಿಷದ ಒಂದು ಪಿರಿಯಡ್. ಮೊದಲ ಹತ್ತು ನಿಮಿಷ 1933ರ ಕಾಯಿದೆ ಮತ್ತು ಬರ್ಮಿಂಗ್‌ಹ್ಯಾಂ. ಮುಂದಿನ ಇಪ್ಪತ್ತು ನಿಮಿಷ ಮಕ್ಕಳಿಗೆ ನಾಲ್ಕೇ ಸಂಖ್ಯೆ ಕೊಡಿ: ತ್ರಿಜ್ಯ 2.1, ರಾಶಿ 600 ಗ್ರಾಂ, ಅಣುರಾಶಿ 349 ಮತ್ತು 352. ಸಾಂದ್ರತೆ ಎಷ್ಟೆಂದು ಅವರೇ ಕಂಡುಹಿಡಿಯಲಿ, ಅದು ತಪ್ಪೆಂದೂ ಅವರೇ ಹೇಳಲಿ. ಲೆಕ್ಕದ ಮಧ್ಯೆ ಘನ ಸೆಂಟಿಮೀಟರ್ ಬದಲು ಚದರ ಸೆಂಟಿಮೀಟರ್ ಹಾಕಿ ಎಡವುತ್ತಾರೆ, ವರ್ಗಮೂಲ ತೆಗೆಯುವುದನ್ನು ಮರೆತು 1.0086 ಬರೆಯುತ್ತಾರೆ, ಆ ಎರಡನ್ನು ಮೊದಲೇ ಎಚ್ಚರಿಸಿ. ಕೊನೆಯ ಹತ್ತು ನಿಮಿಷ ನಾಗರಿಕರ ಬಗ್ಗೆ ಆ ಟಿಪ್ಪಣಿಯಲ್ಲಿರುವ ಮಾತನ್ನು ಗಟ್ಟಿಯಾಗಿ ಓದಿಸಿ, ಚರ್ಚೆ ಮಕ್ಕಳಿಗೆ ಬಿಡಿ. ಈ ಪಿರಿಯಡ್‌ಗೆ ಬೇಕಾದ ಲೆಕ್ಕದ ಹಾಳೆಯನ್ನು ಕನ್ನಡದಲ್ಲಿ ಸಿದ್ಧಪಡಿಸಿಕೊಡಲು ನಾವು ತಯಾರಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಕನ್ನಡದಲ್ಲಿ ಭೌತಶಾಸ್ತ್ರ ಮತ್ತು ವಿಜ್ಞಾನದ ಇತಿಹಾಸ ಕಲಿಸುವ ಕೆಲವರು